ಹೆಸರಿಲ್ಲದ ಮಳೆಗೆ ಉಡಿ ತುಂಬಿದ್ದು

ನಮ್ಮೂರಲ್ಲಿ ಮನೆಗೆ ಬಂದ ಮಳೆಗೆ ಕಾಲು ತೊಳೆಯಲು ನೀರು ಕೊಡುವುದಿಲ್ಲ. ಅದೊಂದನ್ನು ಬಿಟ್ಟರೆ ಬೀಗರಿಗೆ ಏನೇನು ನಡೆಸುತ್ತೇವೋ ಅಷ್ಟೂ ಉಪಚಾರ ಮಳೆಗೂ ನಡೆಯುತ್ತದೆ. ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಕೂರಿಸುತ್ತೇವೆ, ಬಿಸಿ ರೊಟ್ಟಿ ಬಡಿದು ಹಾಕುತ್ತೇವೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸುತ್ತೇವೆ. ಮಳೆ ಯಾರ ಮನೆಯಲ್ಲಿ ಇಳಿದುಕೊಳ್ಳುತ್ತದೋ ಅವರ ಹೊಲದ ಮೇಲೆ ಧಾರಾಳವಾಗಿ ಸುರಿಯುತ್ತದೆ, ಅಕ್ಕಪಕ್ಕದವರಿಗೂ ಒಂದಿಷ್ಟು ಸಿಡಿಯುತ್ತದೆ. ಹೀಗಾಗಿ ಮುಂಗಾರಿನಲ್ಲಿ ಊರ ಬಾಗಿಲಿಗೆ ಬಂದ ಮಳೆಯನ್ನು ತಮ್ಮ ಮನೆಗೆ ಕರೆದೊಯ್ಯಲು ನಡೆಯುವ ಜಗ್ಗಾಟವನ್ನು ನೋಡಬೇಕು. ಮದುವೆಯ ಊಟದಲ್ಲೂ ಜನ ಅಷ್ಟು ಕೈ ಹಿಡಿದು ಎಳೆದದ್ದನ್ನು ನಾನು ಕಂಡಿಲ್ಲ.

ಬರುವವರೆಲ್ಲ ನಮಗೆ ಗೊತ್ತಿದ್ದ ಮಳೆಗಳೇ, ಒಬ್ಬೊಬ್ಬರಿಗೂ ಒಂದೊಂದು ನಕ್ಷತ್ರದ ಹೆಸರು. ಮಿರಗದ ಮಳೆ ಹಿರಿಯ ಮನುಷ್ಯ, ಮಾತು ನಿಧಾನ. ಹುಬ್ಬಿ ಮಳೆಗೆ ಸೊಕ್ಕು ಜಾಸ್ತಿ, ಕರೆದವರ ಮನೆ ಬಿಟ್ಟು ಕರೆಯದವರ ಮನೆಗೆ ನುಗ್ಗುತ್ತಾನೆ. ಉತ್ತರಿ ಮಳೆ ಸಂಭಾವಿತ, ಮಾತು ಕಡಿಮೆ, ಊಟ ಜೋರು. ಬಿಳಿಜೋಳ ಬಿತ್ತುವವರೆಲ್ಲ ಅವನ ದಾರಿಯನ್ನೇ ಕಾಯುತ್ತಾರೆ. ಹೊರಟ ಮಳೆಯನ್ನು ಸುಮ್ಮನೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದು ಎದ್ದು ನಿಂತು "ಬರ್ತೀನ್ರಿ" ಎಂದ ಕೂಡಲೇ ಮನೆಯವರು "ಇವತ್ತೊಂದಿನ ಇದ್ದು ಹೋಗ್ರಿ" ಎನ್ನಲೇಬೇಕು. ಮಳೆ "ಇಲ್ರಿ, ಮುಂದಿನ ಊರಾಗ ಕಾಯಾಕತ್ತಾರ" ಎಂದು ಚಪ್ಪಲಿ ಮೆಟ್ಟಬೇಕು. ಇದು ಬರೀ ಮಾತಿಗೆ ಮಾತು ಎಂಬುದು ಇಬ್ಬರಿಗೂ ಗೊತ್ತು. ಆದರೆ ಬಂದವರಿಗೆ "ಹೊರಡು" ಎಂದು ಹೇಳಿದ ಬಾಯಿ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಈಚಿನ ವರ್ಷಗಳಲ್ಲಿ ಈ ನೆಂಟರ ಓಡಾಟ ಅಸ್ತವ್ಯಸ್ತವಾಗಿತ್ತು. ಮಿರಗ ಬರಬೇಕಾದಾಗ ಬಿಸಿಲು, ಹುಬ್ಬಿಯ ಹೊತ್ತಿಗೆ ಮಿರಗ ಬಂದು ಬಸ್ಸು ತಪ್ಪಿಸಿಕೊಂಡವನ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದ. ಹುಬ್ಬಿ ಒಂದು ವರ್ಷ ಪತ್ತೆಯೇ ಇಲ್ಲ, ಮರುವರ್ಷ ಎರಡು ಸಲ ಹಾಜರು. ನಾವೂ ಹೇಗೋ ಹೊಂದಿಕೊಂಡೆವು. ಹಾಸಿದ ಗೋಣಿತಟ್ಟನ್ನು ಎತ್ತಿಡುವುದನ್ನೇ ಬಿಟ್ಟೆವು. ಹೆಸರುಕಾಳು ಬಿತ್ತುವ ಹದ ತಪ್ಪಿದವರು ಅಲಸಂದಿ ಬಿತ್ತಿದರು, ಅದೂ ತಪ್ಪಿದವರು ಹುರಳಿ ಚೆಲ್ಲಿ ಆಕಾಶ ನೋಡಿದರು. ಏನೇ ಆದರೂ ಸಂಕ್ರಾಂತಿಯ ಆಚೆಗೆ ಮಾತ್ರ ನಮ್ಮೂರಿಗೆ ಯಾವ ಮಳೆಯೂ ಬಂದಿರಲಿಲ್ಲ. ಅದು ಕೊಯ್ಲಿನ ಕಾಲ. ಆಗ ಬೀಗರೂ ಬರುವುದಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದು ಸಾವಂತ್ರೆಕ್ಕನ ಹೊಲದ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಹೀಗಾಗಿ ಅವಳ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಾನು ಕೆಮ್ಮುತ್ತೇನೆ. ಅವಳು ಬಾಯಿ ಬಿಟ್ಟರೆ ಬೆಂಕಿ, ಕೈ ಬಿಚ್ಚಿದರೆ ತುಪ್ಪ. ಇಬ್ಬರು ಗಂಡುಮಕ್ಕಳು, ಹೆಣ್ಣು ಹುಟ್ಟಲಿಲ್ಲ ಎಂಬ ಕೊರಗು ಒಂದಿತ್ತು. ಜೋಳದ ಬೀಜ ಕಾಯ್ದಿಡುವುದರಲ್ಲಿ ಮಾತ್ರ ಅವಳಿಗೆ ಸರಿಸಮ ಯಾರೂ ಇಲ್ಲ. ನಮ್ಮ ಓಣಿಯವರೆಲ್ಲ ಬಿತ್ತುವುದು ಅವಳ ಮನೆಯ ಬೀಜವನ್ನೇ. ಹಿಂದಿನ ವರ್ಷ ಉತ್ತರಿ ಅರ್ಧ ಊಟಕ್ಕೇ ಎದ್ದು ಹೋಗಿದ್ದರಿಂದ ಎಲ್ಲರ ಬೆಳೆಯೂ ಸೊರಗಿ ಬೀಜದ ಗಡಿಗೆಗಳೆಲ್ಲ ಖಾಲಿಯಾಗಿದ್ದವು. ಈ ಸಲ ಹೊಲದಲ್ಲಿ ನಿಂತಿದ್ದ ಆ ತೆನೆಗಳೇ ಅವಳ ವರ್ಷದ ರೊಟ್ಟಿ, ಅವೇ ಇಡೀ ಓಣಿಯ ಬೀಜ. ಬೆಳೆದು ನಿಂತ ತೆನೆಗೆ ನೀರು ಬಿದ್ದರೆ ಕಾಳು ಕಪ್ಪಾಗುತ್ತದೆ, ಹೆಚ್ಚು ನೆನೆದರೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಆಮೇಲೆ ಅದು ದನಕ್ಕೆ ಮಾತ್ರ.

ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಮಟಮಟ ಮಧ್ಯಾಹ್ನ. ಸಾವಂತ್ರೆಕ್ಕನ ಕಟ್ಟೆಯ ಮುಂದೆ ಒಬ್ಬ ಹುಡುಗಿ ಬಂದು ನಿಂತಿದ್ದು ಕಂಡಿತು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ, ಉದ್ದನೆಯ ಜಡೆ ತೊಯ್ದು ತೊಪ್ಪೆಯಾಗಿತ್ತು. ಅಕ್ಕನ ಗಂಡ ಗದಿಗೆಪ್ಪ ಮಾವ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಹಗ್ಗ ಹೊಸೆಯುತ್ತಿದ್ದ.

"ಒಳಗ ಬರಲೇನ್ರಿ?" ಎಂದಳು ಹುಡುಗಿ.

"ಬಾರವಾ, ಬಾ, ಇದೇನು ಕೇಳೂದು? ನಿಮ್ಮನಿ ಇದ್ದಂಗ," ಎಂದ ಮಾವ, ತಲೆ ಎತ್ತದೆ. ತಲೆ ಎತ್ತುವಷ್ಟರಲ್ಲಿ ಅವಳು ಒಳಗೆ ಹೋಗಿ ಗೋಣಿತಟ್ಟಿನ ಮೇಲೆ ಕುಳಿತಾಗಿತ್ತು, ನನ್ನ ಮೆಣಸಿನಕಾಯಿಯ ಮೇಲೆ ಟಪ್ ಎಂದು ಮೊದಲ ಹನಿ ಬಿದ್ದಾಗಿತ್ತು.

ಮೆಣಸಿನಕಾಯಿ ಬಾಚಿ ಒಳಗೆ ಸುರಿದು ನಾನು ಓಡಿದೆ. ಸಾವಂತ್ರೆಕ್ಕ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಕಂಬ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಬಾಯಿ ತನ್ನ ಕೆಲಸ ಮಾಡಿತು. "ಬಂದೇನವಾ? ಯಾವ ಮಳಿ ನೀನು? ನಿನ್ನ ನೋಡಿದ್ದು ನೆನಪಿಲ್ಲ."

"ಗೊತ್ತಿಲ್ರಿ. ಸಮುದ್ರದ ಕಡೆಯಿಂದ ಗಾಳಿ ಹೊಂಟಿತ್ತು, ಅದರ ಬೆನ್ನ ಹತ್ತಿ ಬಂದೆ."

"ನಕ್ಷತ್ರ ಯಾವುದು?"

"ನನಗ ಯಾವುದೂ ಕೊಟ್ಟಿಲ್ರಿ," ಎಂದಳು ಹುಡುಗಿ ತಲೆ ತಗ್ಗಿಸಿ. ಹೆಸರೂ ಇರಲಿಲ್ಲ ಅವಳಿಗೆ. ಸಾವಂತ್ರೆಕ್ಕ ಒಳಗೆ ಹೋಗಿ ಬಿಸಿ ರೊಟ್ಟಿ ಹಾಕಿದಳು. ಹೊರಗೆ ಮಳೆ ಸಣ್ಣಗೆ, ಬಿಡದೆ ಸುರಿಯುತ್ತಿತ್ತು. ಒಂದು ರಾತ್ರಿಯ ಮಾತು, ಬೆಳಿಗ್ಗೆ ಹೋಗುತ್ತಾಳೆ ಎಂದು ನಾವೆಲ್ಲ ಧೈರ್ಯ ಹೇಳಿಕೊಂಡೆವು.

ಬೆಳಿಗ್ಗೆ ಹುಡುಗಿ ಎದ್ದಳು, ಜಡೆ ಹಿಂಡಿಕೊಂಡಳು. "ಬರ್ತೀನ್ರಿ" ಎಂದಳು.

"ಏ, ಹಂಗೆಂಗ? ಇವತ್ತೊಂದಿನ ಇದ್ದು ಹೋಗವಾ," ಎಂದ ಗದಿಗೆಪ್ಪ ಮಾವ.

"ಹೌದೇನ್ರಿ?" ಹುಡುಗಿಯ ಮುಖ ಅರಳಿತು. "ಆತ್ರಿ ಹಂಗಾರ." ಮತ್ತೆ ಗೋಣಿತಟ್ಟಿನ ಮೇಲೆ ಕುಳಿತುಬಿಟ್ಟಳು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು. ಆಮೇಲೆ ಹಿತ್ತಲಲ್ಲಿ ಗಂಡಹೆಂಡತಿ ಪಿಸುಗುಟ್ಟಿ ಜಗಳಾಡಿದ್ದು ಗೋಡೆಯಾಚೆ ಇದ್ದ ನನಗೆ ಚೆನ್ನಾಗಿಯೇ ಕೇಳಿಸಿತು. ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ.

"ನಿಮ್ಮ ನಾಲಿಗಿಗೆ ಏನ್ ಬಡದೈತ್ರಿ? ಕೊಯ್ಯೂ ಜ್ವಾಳ ನಿಂತೈತಿ ಹೊಲದಾಗ!"

"ಬಾಯಿ ತಪ್ಪಿ ಬಂತ. ಹುಟ್ಟಿದಾಗಿಂದ ಅಂದ ಬಾಯಿ ಅದು. ಆಕಿ ಖರೇನ ಕುಂದ್ರತಾಳಂತ ಯಾರಿಗೆ ಗೊತ್ತಿತ್ತು?"

ಮಾತು ನಿಜ. ಹಳೆಯ ಮಳೆಗಳಿಗೆ ರೀತಿರಿವಾಜು ಗೊತ್ತಿತ್ತು. ಈ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಿದ್ದಳು.

ಮರುದಿನ ಸಾವಂತ್ರೆಕ್ಕ ಗಂಡನನ್ನು ಬೆಳಕು ಹರಿಯುವ ಮೊದಲೇ ದನದ ಕೊಟ್ಟಿಗೆಗೆ ಅಟ್ಟಿ, ತಾನೇ ಬಾಗಿಲಲ್ಲಿ ನಿಂತಳು. ಹುಡುಗಿ "ಬರ್ತೀನ್ರಿ" ಎಂದು ಎದ್ದಳು. ಅಕ್ಕ ತುಟಿ ಬಿಗಿಹಿಡಿದಿದ್ದಳಂತೆ. ಆದರೆ ತೊಯ್ದ ಲಂಗದ ಹುಡುಗಿ ಬರಿಗಾಲಲ್ಲಿ ಹೊಸ್ತಿಲು ದಾಟುವುದನ್ನು ನೋಡಿ, "ಇಷ್ಟು ಲಗೂನ? ಒಂದು ರೊಟ್ಟಿ ತಿಂದು, ಇವತ್ತೊಂದಿನ..." ಎಂದು ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡಳು. ಆ ಅರ್ಧವೇ ಸಾಕಾಗಿತ್ತು. ಹುಡುಗಿ ಖುಷಿಯಿಂದ ಒಳಗೆ ಬಂದಳು. ಆ ದಿನದ ಮಳೆ ಹಿಂದಿನ ದಿನದ್ದಕ್ಕಿಂತ ದಪ್ಪ ಹನಿಯದು.

"ನೀವು ಗಂಡಹೆಂಡತಿ ಇಬ್ರೂ ಮೆತ್ತಗಿನವರು, ನಾಳೆ ನಾ ನಿಲ್ತೀನಿ," ಎಂದೆ ನಾನು. ಊರಲ್ಲಿ ನನ್ನ ನಾಲಿಗೆ ಹರಿತ ಎಂದು ಹೆಸರಿದೆ, ಅದು ಸುಳ್ಳೂ ಅಲ್ಲ. ಸಂಜೆಯೆಲ್ಲ ಅದನ್ನೇ ಕೊಚ್ಚಿಕೊಂಡೆ. ಬೆಳಿಗ್ಗೆ ಹುಡುಗಿ ನನ್ನೆದುರು ಬಂದು ನಿಂತು, ರೆಪ್ಪೆಯಲ್ಲಿ ಹನಿ ಇಟ್ಟುಕೊಂಡು, "ಚಿಗವ್ವಾ, ಬರ್ತೀನ್ರಿ" ಎಂದಳು. ಚಿಗವ್ವ! ನನ್ನ ಸ್ವಂತ ಅಕ್ಕನ ಮಕ್ಕಳೂ ನನ್ನನ್ನು ಹಾಗೆ ಅಷ್ಟು ಮುದ್ದಾಗಿ ಕರೆದಿಲ್ಲ. "ಯಾಕವಾ ಇಷ್ಟು ಅವಸರ?" ಎಂದುಬಿಟ್ಟೆ. ಅವಳು ಕುಳಿತಳು. ಗದಿಗೆಪ್ಪ ಮಾವ ನನ್ನ ಮುಖ ನೋಡಿ ನಕ್ಕ ನಗೆಯನ್ನು ನಾನು ಇನ್ನೂ ಮರೆತಿಲ್ಲ.

ವಿಷಯ ಓಣಿಯ ಹಿರಿಯ ಕಲ್ಲಪ್ಪಜ್ಜನ ತನಕ ಹೋಯಿತು. ಅಜ್ಜನಿಗೆ ಊರ ಪದ್ಧತಿಯ ಒಂದೊಂದು ಎಳೆಯೂ ಗೊತ್ತು. ಕಂಬಳಿ ಹೊದ್ದು ಬಹಳ ಹೊತ್ತು ಯೋಚಿಸಿ ಹೇಳಿದ: "ಹೋಗು ಅನ್ನಾಕ ಬರೂದಿಲ್ಲ. ಆದ್ರ ಇನ್ನೊಂದು ಮನಿಯವರು ಊಟಕ್ಕ ಕರೀಬಹುದು. ಅದಕ್ಕ ಅಡ್ಡಿ ಇಲ್ಲ. ಯಾರು ಕರೀತೀರಿ?" ಕೂತವರೆಲ್ಲ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಒಬ್ಬನ ಕಡಲೆ ಕಿತ್ತು ಕಣದಲ್ಲಿ ಬಿದ್ದಿತ್ತು, ಇನ್ನೊಬ್ಬನ ಕುಸುಬೆ ಒಣಗಿ ನಿಂತಿತ್ತು. ನನ್ನ ಮೆಣಸಿನಕಾಯಿಯೂ ಇತ್ತು, ನಾನೂ ಕಾಲಬೆರಳನ್ನೇ ನೋಡಿದೆ.

ಆ ಸಂಜೆ ಹುಡುಗಿ ಊರು ನೋಡಿ ಬರುತ್ತೇನೆಂದು ಓಣಿಗೆ ಇಳಿದಳು. ಮುಂಗಾರಿನಲ್ಲಿ ಮಳೆಯ ಕೈ ಹಿಡಿದು ಎಳೆದಾಡುವ ಅದೇ ಜನ ಅವಳು ಬರುವುದನ್ನು ಕಂಡು ಒಂದೊಂದೇ ಬಾಗಿಲು ಮುಂದೆ ಮಾಡಿದರು. ಅವಳು ಓಣಿಯ ಕೊನೆಯವರೆಗೆ ಹೋಗಿ, ತಿರುಗಿ ಬಂದು, ಸಾವಂತ್ರೆಕ್ಕನ ಪಡಸಾಲೆಯಲ್ಲಿ ಮೂಲೆ ಹಿಡಿದು ಕುಳಿತಳು. "ಎಲ್ಲಾರೂ ಇರು ಅಂತೀರಿ. ಇದ್ರ ಯಾರ ಮುಖದಾಗೂ ನಗಿ ಇಲ್ಲ," ಎಂದಳು. ಸಾವಂತ್ರೆಕ್ಕ ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಕ್ಕನೂ ನಾನೂ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋದೆವು. ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಪಾದವೂ ಸೇರು ಭಾರ. ಅಕ್ಕ ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿದಳು. ಕಾಳು ಇನ್ನೂ ಬೆಳ್ಳಗಿತ್ತು, ಆದರೆ ಉಬ್ಬಿತ್ತು. ತುದಿಯ ಕೆಲವು ಕಾಳಿನ ಮೇಲೆ ಕಪ್ಪು ಕೂತಿತ್ತು. ಒಂದರ ಮೂತಿ ಬಿರಿದು ಬಿಳಿಯ ಮೊಳಕೆ ಇಣುಕುತ್ತಿತ್ತು. ಅವಳು ಬದುವಿನ ಮೇಲೆ ಕುಳಿತು ಅತ್ತಳು. ಸಾವಂತ್ರೆಕ್ಕ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಇನ್ನ ಒಂದು ದಿನ ಆದ್ರ ಮುಗೀತು, ನಿಂಗಿ. ರೊಟ್ಟಿನೂ ಇಲ್ಲ, ಬೀಜಾನೂ ಇಲ್ಲ. ಓಣಿಯವರು ಸೆರಗು ಒಡ್ಡಿ ಬಂದ್ರ ಏನ್ ಹಾಕ್ಲಿ ನಾನು?"

ಮನೆಗೆ ಬಂದು ನೋಡಿದರೆ ಹುಡುಗಿ ಅಡುಗೆಮನೆಯಲ್ಲಿದ್ದಳು. ಪಾಪ, ಎಲ್ಲರ ಮುಖದಲ್ಲೂ ನಗೆ ತರಬೇಕೆಂದು ರೊಟ್ಟಿ ಮಾಡಲು ಹೊರಟಿದ್ದಳು. ಅವಳು ಎದುರಿಗೆ ಕುಳಿತ ಒಲೆ ಆರಿ ಬೂದಿ ರಾಡಿಯಾಗಿತ್ತು, ಕೈ ಇಟ್ಟ ಹಿಟ್ಟು ಅಂಬಲಿಯಾಗಿ, ನಾದುವ ಕೊಣಮಿಗೆಯಿಂದ ಹರಿಯುತ್ತಿತ್ತು. ಒಣ ಕಟ್ಟಿಗೆಯ ರಾಶಿಯ ಮೇಲೆ ತನ್ನ ಜಡೆ ಒಣಹಾಕಿದ್ದಳು. ಸಾವಂತ್ರೆಕ್ಕ ಒಂದು ಕ್ಷಣ ನೋಡಿದಳು. ಆಮೇಲೆ ಬಾಯಿ ಬಿಟ್ಟಳು.

"ಹೊತ್ತು ಗೊತ್ತು ಏನರ ಐತೇನು ನಿನಗ? ಕೊಯ್ಲಿನಾಗ ಯಾರರ ಬರ್ತಾರೇನು? ಇದನ್ನ ನೋಡು!" ತೆನೆಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ಬಿತ್ತಿ, ಎಡಿ ಹೊಡೆದು, ಹಕ್ಕಿ ಕಾದು, ಇಷ್ಟು ಮಾಡೀನಿ. ನೀ ಬಂದು ಕುಂತು ಕುಂತು ಎಲ್ಲಾ ನೀರು ಮಾಡಾಕತ್ತಿ! ಇರು ಅಂದ್ರ ಇರೂದೇನು? ಅದು ಅನ್ನೂ ಮಾತು, ಎಲ್ಲಾರೂ ಅಂತಾರ. ಅಷ್ಟೂ ತಿಳಿಯೂದಿಲ್ಲೇನು ಇಷ್ಟು ದೊಡ್ಡ ಹುಡುಗಿಗೆ? ಕಾಲಾಗ ಚಪ್ಪಲಿ ಇಲ್ಲ, ಊರೂರು ತಿರಗತಾಳ! ಜಡಿ ನೋಡು, ಬಂದಾಗಿಂದ ಒಂದು ಹಣಿಗಿ ಕಂಡಿಲ್ಲ! ನೆಗಡಿ ಆಗಲಿ, ಆಮ್ಯಾಲೆ ಹೇಳ್ತೀನಿ!"

ಮಳೆಗೆ ನೆಗಡಿ ಹೇಗಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಕ್ಕನ ದನಿ ಓಣಿಯ ಕೊನೆಗೂ ಮುಟ್ಟಿತ್ತು. ಜನ ಬಂದು ಬಾಗಿಲಲ್ಲಿ ನೆರೆದರು. ಮನೆಗೆ ಬಂದವರನ್ನು ಬೈಯುವುದೇ! ಗದಿಗೆಪ್ಪ ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಹೊರಗೆ ಹನಿ ಸಣ್ಣದಾಯಿತು. "ನನಗ ಗೊತ್ತಿರಲಿಲ್ಲ," ಎಂದಳು. "ಯಾರೂ ಹೇಳಿರಲಿಲ್ಲ. ಹೋದಲ್ಲಿ ಕೆಲವರು ಕೈ ಮುಗೀತಾರ, ಕೆಲವರು ಬಾಗಿಲ ಹಾಕ್ಕೊಂತಾರ. ಹಿಂಗ ಕುಂದರಿಸಿ ಬೈದವರು ನೀವ ಮೊದಲು." ತಲೆ ಎತ್ತಿದಾಗ ನೋಡಿದರೆ ಅವಳು ನಗುತ್ತಿದ್ದಳು.

ಕಲ್ಲಪ್ಪಜ್ಜ ಕೋಲೂರಿ ಮುಂದೆ ಬಂದ. "ಸಾವಂತ್ರೆವ್ವ, ಏನಿದು? ಮನಿಗೆ ಬಂದ ಮಂದಿಗೆ ಹಿಂಗ ಅಂತಾರೇನು? ಊರ ಮರ್ಯಾದಿ ಏನಾತು?"

ಅಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮಂದಿ ಎಲ್ಲೆದಾರ ಅಜ್ಜಾ ಇಲ್ಲೆ? ಇದು ನನ್ನ ಮನಿ ಕೂಸು. ನನ್ನ ಕೂಸಿಗೆ ಬೈಯಾಕ ನಾನು ಊರಿನ ಅಪ್ಪಣಿ ತಗೋಬೇಕೇನು?"

ಎಂದವಳು ತಾನೇ ಬೆಚ್ಚಿ ಹುಡುಗಿಯ ಮುಖ ನೋಡಿದಳು. ಕಲ್ಲಪ್ಪಜ್ಜ ಗಡ್ಡ ತುರಿಸಿಕೊಂಡು ಪದ್ಧತಿಯ ಎಳೆಗಳನ್ನೆಲ್ಲ ಮನಸ್ಸಿನಲ್ಲೇ ಎಳೆದು ನೋಡಿದ. "ಹಂಗಾದ್ರ," ಎಂದ ಕೊನೆಗೆ, "ತವರಿಗೆ ಬಂದ ಮಗಳಿಗೆ ಉಡಿ ತುಂಬಿ ಕಳಿಸಬೇಕು. ಅದರಾಗ ತಪ್ಪೇನಿಲ್ಲ."

ಸಾವಂತ್ರೆಕ್ಕನಿಗೆ ಆಮೇಲೆ ಬಂದ ಹುಮ್ಮಸ್ಸು ನೋಡಬೇಕಿತ್ತು. ಎರಡು ಗಂಡು ಹೆತ್ತವಳು, ಮಗಳಿಗೆಂದು ಉಡಿ ತುಂಬುವ ಯೋಗ ಅವಳಿಗೆಲ್ಲಿ ಬಂದಿತ್ತು? ಟ್ರಂಕಿನ ತಳದಿಂದ ತನ್ನ ಮದುವೆಯ ಹಸಿರು ಕುಪ್ಪಸದ ಖಣ ತೆಗೆದಳು. ನನ್ನನ್ನು ಕೊಬ್ಬರಿಗೆ ಓಡಿಸಿದಳು, ಗಂಡನನ್ನು ಚಪ್ಪಲಿಗೆ ಓಡಿಸಿದಳು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಸಿಕ್ಕು ಬಿಡಿಸಿ ತಲೆ ಬಾಚಿದಳು. ಒರೆಸಿದಷ್ಟೂ ನೀರು ಬರುತ್ತಿತ್ತು, ಇಬ್ಬರೂ ನಗುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಬೆಲ್ಲದ ಅಚ್ಚು ಎಲ್ಲವನ್ನೂ ಉಡಿಗೆ ಹಾಕಿ ಕುಂಕುಮ ಇಟ್ಟಳು. ಬೆಲ್ಲ ಅಲ್ಲೇ ಕರಗತೊಡಗಿತು. ಕುಂಕುಮ ಮೂಗಿನ ತುದಿಯವರೆಗೆ ಇಳಿಯಿತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊಸ್ತಿಲ ಹತ್ತಿರ ನಾವೆಲ್ಲ ಬಾಯಿ ಬಿಗಿದು ನಿಂತೆವು. ಗದಿಗೆಪ್ಪ ಮಾವ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಸಾವಂತ್ರೆಕ್ಕನ ಕಣ್ಣು ತುಂಬಿತ್ತು. ಈಗ "ಇದ್ದು ಹೋಗು" ಎಂದರೆ ಅದು ಬಾಯಿಮಾತಾಗುತ್ತಿರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಅವಳು ಹುಡುಗಿಯ ಗಲ್ಲ ಸವರಿ, "ಹೋಗಿ ಬಾ ಮಗಳ," ಎಂದಳು.

ಹುಡುಗಿ ಒಂದು ಕಾಲು ಹೊರಗಿಟ್ಟು ತಿರುಗಿ ನಿಂತಳು. "ಯಾವಾಗ ಬರ್ಲಿ ಅವ್ವಾ?"

ನೆರೆದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಈ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಈಗೊಂದು ಕಾಲ ಹೇಳಿಬಿಟ್ಟರೆ ತಪ್ಪದೆ ಅದೇ ಕಾಲಕ್ಕೆ ಬರುತ್ತಾಳೆ. ಉಳಿದ ಮಳೆಗಳೆಲ್ಲ ದಾರಿ ತಪ್ಪಿ ಅಲೆಯುತ್ತಿರುವಾಗ ನಮ್ಮೂರಿಗೊಂದು ನಂಬಿಕೆಯ ಮಳೆ! ಕಲ್ಲಪ್ಪಜ್ಜ ಹಿಂದಿನಿಂದ "ಉತ್ತರಿ ಹೊತ್ತಿಗೆ ಅನ್ನು, ಉತ್ತರಿ" ಎಂದು ಪಿಸುಗುಟ್ಟಿದ. ಇನ್ನೊಬ್ಬ "ಮಿರಗ" ಎಂದ. ಶೇಂಗಾ ಬಿತ್ತುವ ನಾನೂ ಅಕ್ಕನ ಸೆರಗು ಜಗ್ಗಿ "ಮಿರಗ ಅನ್ನಕ್ಕ" ಎಂದೆ.

ಸಾವಂತ್ರೆಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿದಳು, ಬರಿಗಾಲಿಗೆ ಹೊಸ ಚಪ್ಪಲಿ ಮೆಟ್ಟಿ ನಿಂತ ಹುಡುಗಿಯನ್ನು ನೋಡಿದಳು. ಉತ್ತರಿಗೆ ಮಾತ್ರ ಬಾ ಎಂದರೆ ವರ್ಷದ ಉಳಿದ ದಿನ ಈ ಕೂಸು ಎಲ್ಲಿಗೆ ಹೋಗಬೇಕು? ಅದು ಅವಳ ಮುಖದಲ್ಲೇ ಬರೆದಿತ್ತು.

"ನಿನಗ ಬರಬೇಕು ಅನಿಸಿದಾಗ ಬಾ," ಎಂದಳು. "ಹೆಂಗ ಬಿತ್ತಬೇಕು, ಯಾವಾಗ ಕೊಯ್ಬೇಕು ಅನ್ನೂದನ್ನ ನಾವು ಹೊಂದಿಸ್ಕೊಂತೀವಿ. ಒಂದ ಮಾತು ನೆನಪಿಡು. ಬರೂ ಮುಂದ ಕೆರಿ ದಂಡಿಯಿಂದ ಒಮ್ಮಿ ಜೋರಾಗಿ ನನ್ನ ಕೂಗು. ಕಣದಾಗಿನ ಕಾಳು ಒಳಗ ಹಾಕ್ಕೊಂತೀನಿ."

ಹುಡುಗಿ ಹೋದಳು. ಉಡಿಯ ಅಕ್ಕಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಸ ಚಪ್ಪಲಿ ಪಟಪಟ ಅನ್ನಿಸುತ್ತ ಹೋದಳು. ಸ್ವಲ್ಪ ಹೊತ್ತಿಗೆ ಕೆರೆಯ ದಂಡೆಯ ಕಡೆಯಿಂದ ಗುಡುಗಿನ ಸಣ್ಣ ದನಿಯೊಂದು ಕೇಳಿತು. ಕೂಗುವುದನ್ನು ಕಲಿಯುತ್ತಿದ್ದಳು. ಸಾವಂತ್ರೆಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು "ಇನ್ನೂ ಜೋರ!" ಎಂದು ಇಲ್ಲಿಂದಲೇ ಒದರಿದಳು. ಮಧ್ಯಾಹ್ನಕ್ಕೆ ಬಿಸಿಲು ಬಿತ್ತು.

ಗಾಳಿಗೆ ತೆನೆ ಒಣಗಿದ್ದೇ ತಡ ಇಡೀ ಓಣಿ ಕುಡುಗೋಲು ಹಿಡಿದು ಅವಳ ಹೊಲಕ್ಕಿಳಿಯಿತು. ಬಾಗಿಲು ಮುಂದೆ ಮಾಡಿದವರೇ ಎಲ್ಲರಿಗಿಂತ ಮೊದಲು ಬಂದರು, ಕರೆಯುವ ಮುಂಚೆಯೇ. ಬದುವಿನ ಕಡೆಯ ಸಾಲುಗಳು ಕಪ್ಪಾಗಿದ್ದವು, ಅವು ದನಕ್ಕೆ ಹೋದವು. ಉಳಿದದ್ದು ಉಳಿಯಿತು. ರೊಟ್ಟಿಗೆ ಆಯಿತು, ಬೀಜಕ್ಕೂ ಆಯಿತು. ಕಲ್ಲಪ್ಪಜ್ಜ ಮಾತ್ರ ಕಣದ ಅಂಚಿನಲ್ಲಿ ಕುಳಿತು ಗೊಣಗುತ್ತಲೇ ಇದ್ದ. "ಒಂದು ಮಾತು ಉತ್ತರಿ ಅಂದಿದ್ರ ಏನಾಗ್ತಿತ್ತು? ಊರಿಗೆ ಊರ ಬದುಕ್ತಿತ್ತು."

"ಮಗಳಿಗೆ ತವರಿಗೆ ಬರಾಕ ತಾರೀಕು ಕೊಡ್ತಾರೇನ ಅಜ್ಜಾ?" ಎಂದಳು ಸಾವಂತ್ರೆಕ್ಕ, ತೂರುವುದನ್ನು ನಿಲ್ಲಿಸದೆ. ಅಜ್ಜ ಮುಖ ಆ ಕಡೆ ತಿರುಗಿಸಿದ.

ಆ ಸಲ ಅವಳು ಬೀಜಕ್ಕೆ ಎರಡು ಗಡಿಗೆ ಇಟ್ಟಳು. ಒಂದರಲ್ಲಿ ಎಂದಿನ ಹಾಗೆ ಬಿಳಿಜೋಳ ತುಂಬಿ, ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ ಬಾಯಿ ಕಟ್ಟಿದಳು. ಇನ್ನೊಂದರ ಬಾಯಿ ತೆರೆದೇ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದರೂ ಬಿತ್ತಲು ಬರುವಂಥ, ಬೇಗ ಕೈಗೆ ಬರುವಂಥ ಬೀಜ ಅದಕ್ಕೆ ಬೇಕಾಗಿತ್ತು. ಅವಳು ಹುರಳಿ ಹಾಕಿದಳು, ನಾನು ಮಡಿಕೆಕಾಳು ಕೊಟ್ಟೆ, ಓಣಿಯವರು ಅಲಸಂದಿ, ಹೆಸರುಕಾಳು ಎಂದು ಮನೆಗೊಂದು ಹಿಡಿ ತಂದು ಹಾಕಿದರು. ಕಲ್ಲಪ್ಪಜ್ಜನ ಮನೆಗೆ ಮಾತ್ರ ಕೇಳಲು ಯಾರೂ ಹೋಗಲಿಲ್ಲ, ಅವನ ಸಿಟ್ಟು ಎಲ್ಲರಿಗೂ ಗೊತ್ತಿತ್ತು.

ಮರುದಿನ ಅಜ್ಜ ತಾನಾಗಿಯೇ ಬಂದ. ಪಂಚೆಯ ಚುಂಗಿನಲ್ಲಿ ಕಟ್ಟಿಕೊಂಡಿದ್ದ ನವಣೆಯನ್ನು ಬಿಚ್ಚಿ, ಒಂದು ಕಾಳೂ ಕೆಳಗೆ ಬೀಳದ ಹಾಗೆ ಎರಡನೆಯ ಗಡಿಗೆಗೆ ಸುರಿದ. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

"ಏನ್ ನೋಡ್ತೀರಿ?" ಎಂದ ಅಜ್ಜ, ಕೈ ಕೊಡವುತ್ತ. "ಮಮ್ಮಗಳು ಬಂದ್ರ ಬೇಕಾಗತೈತಿ."